ಕದ್ದ ಬೀಗದಕೈ ಎನಗೆ ಬೇಡ

ಮಗಳಿಂಗೆ ಹೇಳಿ ಉಪ್ಪಿನಂಗಡಿ ಪೇಟೆಂದ ಹಳೇ ಲ್ಯಾಪ್‌ಟಾಪ್ ತಂದದು. ಒಳ ಇದ್ದದು ಕ್ರ್ಯಾಕ್ ಮಾಡಿದ ವಿಂಡೋಸು. "ಎಲ್ಲೋರೂ ಇದನ್ನೇ ಹಾಕುದಕ್ಕಾ" ಹೇಳಿದ° ಮಾರಿದವ°. ಎಲ್ಲೋರೂ ಹೇಳಿರೆ ಆರು? ಆರೋ ಕದ್ದು ಮಾಡಿದ ಬೀಗದಕೈಲಿ ಬಾಗಿಲು ತೆಗದ ಮನೆಲಿ ಕೂದು ಬೇಂಕಿನ ಪಾಸ್‌ವರ್ಡ್ ಒತ್ತುದು ಹೇಂಗೆ? ಕ್ರ್ಯಾಕಿನೊಟ್ಟಿಂಗೆ ಎಂತ ಹುಳು ಹೊಕ್ಕಿದೋ!

ತಮಾಶೆ ಎಂತರ ಹೇಳಿರೆ, ಕದಿವ ಅಗತ್ಯವೇ ಇತ್ತಿಲ್ಲೆ. ಕಂಪೆನಿಂದಲೇ ವಿಂಡೋಸು 10 ಸೇರ್ಸಿ ಬಂದ ಲ್ಯಾಪ್‌ಟಾಪಿನ ಕೀ ಮದರ್‌ಬೋರ್ಡಿಲೇ ಇರ್ತು. ಮೈಕ್ರೋಸಾಫ್ಟಿನ ಸೈಟಿಂದ ಧರ್ಮಕ್ಕೆ ಇಳುಶಿ, 8 ಜಿಬಿ ಪೆನ್‌ಡ್ರೈವಿಂಗೆ ತುಂಬುಸಿ, ಡಿಸ್ಕು ಪೂರ ಉದ್ದಿಕ್ಕಿ (ಪಟಂಗಳ ಮದಲೇ ತೆಗದು ಮಡುಗಿ, ಮತ್ತೆ ಕೂಗೆಡಿ) ಅದೇ ಎಡಿಷನ್ ಹಾಕಿರೆ, ನೆಟ್ಟು ಸಿಕ್ಕಿಯಪ್ಪಗ ತನ್ನಷ್ಟಕ್ಕೇ ಏಕ್ಟಿವೇಟ್ ಆವುತ್ತು. ಎಂಗಳದ್ದು ಹಾಂಗೇ ಆತು. ಕೀ ಇಲ್ಲದ್ರೆ ಲಿನಕ್ಸ್ ಇದ್ದನ್ನೆ, ಕಾಸರಗೋಡಿನ ಸರ್ಕಾರಿ ಶಾಲೆ ಮಕ್ಕೊ ಕಲಿವದೇ ಅದರಲ್ಲಿ! ಒಂದು ಹೊತ್ತೋಪಗಾಣ ಕೆಲಸ. ಮಾರುವವಕ್ಕೆ ಅದಕ್ಕೂ ಉದಾಸಿನ.