ಸತ್ತವರ ಲೆಕ್ಕ ಆಯ್ತು, ಉಳಿದವರ ಗತಿ?

2025ರ ಜೂನ್-ಜುಲೈ ತಿಂಗಳನ್ನು ಹಾಸನದವರು ಇಷ್ಟು ಬೇಗ ಮರೆತಿರಲಾರರು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ ಹಬ್ಬಿದ್ದೇ ತಡ, ಎದೆಯಲ್ಲಿ ಒಂದು ಸಲ ಚುಳುಕ್ ಎಂದವರೆಲ್ಲ ಬಸ್ಸು ಹತ್ತಿದರು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಕೆಲವರು ಲಸಿಕೆ ಎಂದರು, ಕೆಲವರು ಗ್ರಹಚಾರ ಎಂದರು. ಸರ್ಕಾರ ಜಯದೇವದ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧವೇ ಇಲ್ಲದವು. ಹಿಂದಿಗೆ ಹೋಲಿಸಿದರೆ ಅಸಹಜ ಏರಿಕೆಯೇನೂ ಇಲ್ಲ ಎಂದು ವರದಿ ಹೇಳಿತು. ಕೋವಿಡ್ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದೂ ತಜ್ಞರು ಹೇಳಿದರು. ಸಕ್ಕರೆ, ಬಿ.ಪಿ., ಬೀಡಿ-ಸಿಗರೇಟು, ಎಲ್ಲ ಹಳೆಯ ಪಾಪಿಗಳೇ.

ಅಲ್ಲಿಗೆ ಗದ್ದಲ ನಿಂತಿತು. ಸತ್ತವರ ಲೆಕ್ಕ ಆಯಿತು, ಸರಿ. ಆದರೆ ಎದೆನೋವು ಬಂದು, ಸಾಯದೆ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಲೆಕ್ಕ ಯಾರ ಹತ್ತಿರ ಇದೆ ಸ್ವಾಮಿ? ಅವರೇನೂ ಸುದ್ದಿಯಾಗುವುದಿಲ್ಲ. ಅಂಗಡಿ ಗಲ್ಲಾದ ಹಿಂದೆ ಕೂತಿರ್ತಾರೆ, ಅರಸೀಕೆರೆ ಬಸ್ಸಿನ ಕಿಟಕಿ ಪಕ್ಕ ಕೂತಿರ್ತಾರೆ. ಮೆಟ್ಟಿಲು ಹತ್ತುವಾಗ ಎರಡು ಸಲ ನಿಲ್ತಾರೆ. ಕೇಳಿದರೆ "ಏನಿಲ್ಲ, ಗ್ಯಾಸು" ಅಂತಾರೆ.

ಗ್ಯಾಸಲ್ಲ. ಹೃದಯಾಘಾತದಲ್ಲಿ ರಕ್ತ ಸಿಗದೆ ಹೃದಯದ ಒಂದು ಭಾಗ ಸತ್ತುಹೋಗುತ್ತದೆ. ಸ್ಟೆಂಟ್ ಹಾಕಿದರೆ ನಾಳ ತೆರೆದೀತು, ಸತ್ತ ಮಾಂಸಖಂಡ ಎದ್ದು ಬರುವುದಿಲ್ಲ. ಉಳಿದ ಭಾಗವೇ ಎಲ್ಲ ಹೊರೆ ಹೊರಬೇಕು. ಹೊತ್ತು ಹೊತ್ತು ಅದು ಹಿಗ್ಗುತ್ತದೆ, ಸೊರಗುತ್ತದೆ. ಆಗ ಕಾಲು ಬಾವು, ಮಲಗಿದರೆ ಉಸಿರುಗಟ್ಟುವುದು, ರಾತ್ರಿ ಎದ್ದು ಕೂರುವುದು. ಇದನ್ನೇ ವೈದ್ಯರು ಹೃದಯ ವೈಫಲ್ಯ ಅಂತಾರೆ, ನಮ್ಮ ಜನ "ಹಾರ್ಟ್ ವೀಕು" ಅಂತಾರೆ. ಎಕೋ ರಿಪೋರ್ಟಿನಲ್ಲಿ ಇ.ಎಫ್. ಎಂದು ಒಂದು ಅಂಕಿ ಇರುತ್ತದೆ, ನೋಡಿಕೊಳ್ಳಿ. ಹೃದಯದ ಎಡಗೋಣೆಯಲ್ಲಿ ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟನ್ನು ಅದು ಹೊರಕ್ಕೆ ತಳ್ಳುತ್ತದೆ ಎಂಬ ಲೆಕ್ಕ ಅದು. 55ರ ಮೇಲಿದ್ದರೆ ಚಿಂತೆಯಿಲ್ಲ. 40ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದರೆ ಪಂಪು ಸೋತಿದೆ ಎಂದೇ ಅರ್ಥ.

ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಕಿರಾಣಿ ಅಂಗಡಿ ಇಟ್ಟಿರುವವರೊಬ್ಬರಿದ್ದಾರೆ. ಹೆಸರು ಬೇಡ. ಅವರಿಗೆ ಸ್ಟೆಂಟ್ ಹಾಕಿ ಕಳಿಸಿದಾಗ ಈ ಅಂಕಿ 30 ಇತ್ತು. ಬರೆದುಕೊಟ್ಟ ಮಾತ್ರೆ ನುಂಗಿದರು. ಎಂಟು ತಿಂಗಳಲ್ಲಿ ಮೈ ಹಗುರಾಯಿತು, ಅಂಕಿ 45ಕ್ಕೆ ಏರಿತು. "ಇನ್ಯಾಕೆ ಮಾತ್ರೆ, ವಾಸಿಯಾಯ್ತಲ್ಲ" ಎಂದು ಅವರೇ ತೀರ್ಪು ಕೊಟ್ಟುಕೊಂಡು ನಿಲ್ಲಿಸಿದರು. ಹೆಂಡತಿಗೂ ಹೇಳಲಿಲ್ಲ. ದೀಪಾವಳಿ ವ್ಯಾಪಾರದ ಮಧ್ಯೆ ಉಬ್ಬಸ ಹತ್ತಿ, ಆಂಬುಲೆನ್ಸಿನಲ್ಲಿ ಹೋಗಬೇಕಾಯಿತು. ಬದುಕಿ ಬಂದರು, ಪುಣ್ಯ.

ಅವರನ್ನು ಬೈಯುವ ಮೊದಲು ಒಂದು ವಿಷಯ ತಿಳಿಯಬೇಕು. ಇದೇ ಪ್ರಶ್ನೆಯನ್ನು ಲಂಡನ್ನಿನ ವೈದ್ಯರೂ ಕೇಳಿಕೊಂಡಿದ್ದರು. ಸೋತ ಹೃದಯ ಚೇತರಿಸಿಕೊಂಡ ಮೇಲೆ ಔಷಧಿ ಬೇಕೇ? ಪೂರ್ತಿ ಸುಧಾರಿಸಿದಂತೆ ಕಂಡ 51 ಮಂದಿಯನ್ನು ಆರಿಸಿ, 25 ಜನರಿಗೆ ವೈದ್ಯರ ಕಣ್ಗಾವಲಿನಲ್ಲೇ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು, 26 ಜನರಿಗೆ ಮುಂದುವರಿಸಿದರು. 2018ರಲ್ಲಿ ಫಲ ಹೊರಬಂತು. ಆರು ತಿಂಗಳೊಳಗೆ ನಿಲ್ಲಿಸಿದವರಲ್ಲಿ 11 ಮಂದಿಗೆ ರೋಗ ಮರುಕಳಿಸಿತ್ತು. ಮುಂದುವರಿಸಿದವರಲ್ಲಿ ಒಬ್ಬರಿಗೂ ಇಲ್ಲ. ಅವರದು ಆಘಾತವಿಲ್ಲದೆ ಹಿಗ್ಗಿದ ಹೃದಯ, ನಮ್ಮ ಯಜಮಾನರದ್ದು ಆಘಾತದಿಂದ ಸೋತದ್ದು ಎಂಬ ವ್ಯತ್ಯಾಸ ಉಂಟು. ಆದರೂ ಅಂಕಿ ಏರಿದ್ದು ರೋಗ ಹೋದದ್ದರಿಂದಲ್ಲ, ಮಾತ್ರೆ ಹಿಡಿದು ನಿಲ್ಲಿಸಿದ್ದರಿಂದ ಎಂಬ ಮಾತು ಇಬ್ಬರಿಗೂ ಸಲ್ಲುತ್ತದೆ.

ಈ ಮಾತ್ರೆಗಳ ಕಥೆಯೂ ಕೇಳುವಂಥದ್ದೇ. 1987ರಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡಿನ ವೈದ್ಯರು ಹಾಸಿಗೆ ಹಿಡಿದಂಥ 253 ರೋಗಿಗಳನ್ನು ತೆಗೆದುಕೊಂಡು ಎನಲಾಪ್ರಿಲ್ ಎಂಬ ಮಾತ್ರೆ ಪರೀಕ್ಷಿಸಿದರು. ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ಆರು ತಿಂಗಳಲ್ಲಿ ನೂರಕ್ಕೆ 44 ಸಾವು. ನಿಜದ ಮಾತ್ರೆಯವರಲ್ಲಿ 26. ಇನ್ನೂ ವಿಚಿತ್ರ ಬೀಟಾ ಬ್ಲಾಕರ್‌ನದು. ಹೃದಯದ ಬಡಿತ ನಿಧಾನ ಮಾಡುವ ಈ ಔಷಧಿಯನ್ನು ಸೋತ ಹೃದಯಕ್ಕೆ ಕೊಡಲೇಬಾರದು ಎಂದು ವೈದ್ಯಕೀಯ ಪುಸ್ತಕಗಳು ಕಟ್ಟಪ್ಪಣೆ ಮಾಡಿದ್ದವು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಾಗ್‌ಸ್ಟೈನ್ ಎಂಬ ವೈದ್ಯ ಮತ್ತವರ ಜೊತೆಯವರು 1975ರಲ್ಲಿ ಏಳು ಜನರಿಗೆ ಕೊಟ್ಟು ನೋಡಿದರು, ರೋಗಿಗಳು ಸುಧಾರಿಸಿದರು. ಜಗತ್ತು ನಂಬಲಿಲ್ಲ. ನಂಬುವಂತಾಗಿದ್ದು 1999ರ ಹೊತ್ತಿಗೆ, ಸಾವಿರಾರು ರೋಗಿಗಳ ದೊಡ್ಡ ಪರೀಕ್ಷೆಗಳಲ್ಲಿ ಸಾವು ಮೂರನೇ ಒಂದು ಭಾಗ ಕಮ್ಮಿಯಾದಾಗ. ಬಳಲಿದ ಕುದುರೆಗೆ ಚಾಟಿ ಬೀಸುವ ಬದಲು ಲಗಾಮು ಎಳೆದಂತೆ. ಎತ್ತಿನ ಗಾಡಿ ಹೊಡೆದವರಿಗೆ ಇದು ಮೊದಲೇ ಗೊತ್ತಿತ್ತು ಅನ್ನಿ.

ಅದೇ 1999ರಲ್ಲಿ ಸ್ಪೈರೋನೋಲ್ಯಾಕ್ಟೋನ್ ಎಂಬ ಹಳೆಯ ಅಗ್ಗದ ಮಾತ್ರೆ ತೀವ್ರ ವೈಫಲ್ಯದವರಲ್ಲಿ ಸಾವನ್ನು ನೂರಕ್ಕೆ 30ರಷ್ಟು ತಗ್ಗಿಸಿತು. 2014ರಲ್ಲಿ ಎನಲಾಪ್ರಿಲ್‌ಗಿಂತಲೂ ಮೇಲಾದ ಜೋಡಿ ಔಷಧಿ ಬಂತು. 2019ರಲ್ಲಿ ಇನ್ನೊಂದು ಅಚ್ಚರಿ: ಸಕ್ಕರೆ ಕಾಯಿಲೆಗೆ ಕೊಡುತ್ತಿದ್ದ ಡಪಾಗ್ಲಿಫ್ಲೋಜಿನ್, ಸಕ್ಕರೆ ಇಲ್ಲದವರ ಸೋತ ಹೃದಯಕ್ಕೂ ಆಸರೆಯಾಯಿತು. ಹೀಗೆ ನಾಲ್ಕು ಬಗೆಯ ಮಾತ್ರೆಗಳು ಇಂದು ಈ ಚಿಕಿತ್ಸೆಯ ನಾಲ್ಕು ಕಂಬ. ಇದನ್ನೋದಿ ನೀವೇ ಮೆಡಿಕಲ್ ಸ್ಟೋರಿಗೆ ಹೋಗಿ ಕೊಂಡೀರಿ, ಬೇಡ. ಯಾರಿಗೆ ಎಷ್ಟು ಎಂಬುದು ಬಿ.ಪಿ., ಮೂತ್ರಪಿಂಡ, ಪೊಟ್ಯಾಸಿಯಂ ನೋಡಿ ವೈದ್ಯರು ಹೇಳಬೇಕಾದದ್ದು.

ಬೆಲೆ? ಅಲ್ಲೂ ಒಳ್ಳೆಯ ಸುದ್ದಿ ಇದೆ. 2020ರಲ್ಲಿ ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿಯಿತು, 2023ರಲ್ಲಿ ಜೋಡಿ ಔಷಧಿಯದ್ದೂ. ನಮ್ಮ ದೇಶದ ಕಂಪನಿಗಳು ಮೇಲಿಂದ ಮೇಲೆ ತಯಾರಿಸತೊಡಗಿ ಬೆಲೆ ಬಹಳ ಇಳಿಯಿತು. ಹೃದಯ ಕಸಿ, ಎದೆಯೊಳಗೆ ಕೂರಿಸುವ ಪಂಪಿನ ಯಂತ್ರ, ಇವೂ ಉಂಟು. ಕೊನೆಯ ಹಂತದವರಿಗೆ ಅವೇ ಗತಿ. ಆದರೆ ದಾನಕ್ಕೆ ಸಿಗುವ ಹೃದಯ ಬೆರಳೆಣಿಕೆಯವು, ಯಂತ್ರದ ಬೆಲೆ ಕೇಳಿದರೆ ಸಾಮಾನ್ಯನಿಗೆ ಮತ್ತೊಂದು ಆಘಾತ.

ಇಷ್ಟೆಲ್ಲ ಗೊತ್ತಿದ್ದೂ ಆಗ್ತಿರೋದೇನು? ದೇಶದ 53 ಆಸ್ಪತ್ರೆಗಳಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟ ಹೃದಯ ವೈಫಲ್ಯದ ರೋಗಿಗಳನ್ನು ನೋಂದಾಯಿಸಿ ನೋಡಿದ ರಾಷ್ಟ್ರೀಯ ಅಧ್ಯಯನವೊಂದಿದೆ. ಅವರ ಸರಾಸರಿ ವಯಸ್ಸು 60ರ ಆಸುಪಾಸು. ತೊಂಬತ್ತು ದಿನದೊಳಗೆ ನೂರಕ್ಕೆ 14 ಮಂದಿ ತೀರಿಕೊಂಡಿದ್ದರು. ಶಿಫಾರಸಿನಂತೆ ಔಷಧಿ ಸಿಕ್ಕಿದ್ದು ಅರ್ಧಕ್ಕಿಂತ ಕಮ್ಮಿ ಜನಕ್ಕೆ. ಇವು ದೊಡ್ಡ ಆಸ್ಪತ್ರೆಗಳ ಲೆಕ್ಕ. ಹಳ್ಳಿಯ ಮಾತು ಬೇರೆ ಹೇಳಬೇಕೆ?

2022ರಲ್ಲಿ ಹಲವು ದೇಶಗಳ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಂದನೇ, ಎರಡನೇ, ಮೂರನೇ, ಆರನೇ ವಾರ ಕರೆಸಿ, ರಕ್ತ ನೋಡಿ, ಔಷಧಿಯನ್ನು ಬೇಗ ಬೇಗ ಪೂರ್ತಿ ಪ್ರಮಾಣಕ್ಕೆ ಏರಿಸಿದರು. ಆರು ತಿಂಗಳಲ್ಲಿ ಸಾವು ಅಥವಾ ವೈಫಲ್ಯದಿಂದ ಮತ್ತೆ ಆಸ್ಪತ್ರೆ ಸೇರುವುದು ಮಾಮೂಲು ಚಿಕಿತ್ಸೆಯವರಲ್ಲಿ ನೂರಕ್ಕೆ 23, ಇವರಲ್ಲಿ 15. ಹೊಸ ಔಷಧಿ ಏನೂ ಇಲ್ಲ. ಕರೆಸಿದ್ದು, ನೋಡಿದ್ದು, ಅಷ್ಟೆ.

ನಮ್ಮ ಜಿಲ್ಲೆಗೆ ಬೇಕಾದ ವಿಷಯ ಇದೇ. ಆರು ವಾರದಲ್ಲಿ ನಾಲ್ಕು ಸಲ ಮೈಸೂರಿಗೆ ಹೋಗು ಎಂದರೆ ಅರಸೀಕೆರೆಯ ಹಮಾಲಿ ಹೋಗ್ತಾನಾ? ಹಾಸನಕ್ಕೆ ಬಂದು ಬಸ್ಸು ಬದಲಿಸಿ, ಜೊತೆಗೆ ಒಬ್ಬರನ್ನು ಕರೆದುಕೊಂಡು, ಎರಡು ಕೂಲಿ ಕಳೆದುಕೊಂಡು? ಒಂದು ಸಲ ಹೋಗ್ತಾನೆ. ಆಮೇಲೆ ಹಳೆಯ ಚೀಟಿ ತೋರಿಸಿ ಮಾತ್ರೆ ಕೊಳ್ಳುತ್ತಾನೆ. ಪ್ರಮಾಣ ಏರಿಸುವವರು ಯಾರೂ ಇಲ್ಲ. ಆಮೇಲೆ ಅದೂ ನಿಲ್ಲುತ್ತದೆ.

ಪುನೀತ್ ರಾಜಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ. ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ತೋರಿಸಿ, ಸಾವಿರಗಟ್ಟಲೆ ಬೆಲೆಯ ಇಂಜೆಕ್ಷನ್ನನ್ನು ಪುಕ್ಕಟೆ ಕೊಡುವ ಏರ್ಪಾಡು ಅದು. ಮೊದಲ ಗಂಟೆಯ ಕೆಲಸ ಹೀಗೆ ಆಯಿತು. ಮುಂದಿನ ಆರು ವಾರ ಯಾರದು? ಅದೇ ದೂರದ ತಜ್ಞರು, ಅದೇ ತಾಲ್ಲೂಕು ಆಸ್ಪತ್ರೆ. ವಾರಕ್ಕೊಂದು ಮಧ್ಯಾಹ್ನ ಸಕಲೇಶಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇವರಿಗಾಗಿ ಮೀಸಲಿಟ್ಟರೆ ಖಜಾನೆಯೇನೂ ಬರಿದಾಗದು. ಬಿ.ಪಿ. ನೋಡಲು, ಸಕ್ಕರೆ ನೋಡಲು ಮನೆಮನೆಗೆ ಬರುವ ಗೃಹ ಆರೋಗ್ಯ ಯೋಜನೆಯನ್ನು 2024ರಲ್ಲಿ ಕೋಲಾರದಲ್ಲಿ ಉದ್ಘಾಟಿಸಿದವರು ಇದನ್ನೂ ಯೋಚಿಸಬಹುದು. ನಾಲ್ಕು ಬಗೆಯ ಮಾತ್ರೆಯೂ ಆಸ್ಪತ್ರೆ ಔಷಧಿ ಕೊಠಡಿಯಲ್ಲಿ ತಪ್ಪದೆ ಇರಬೇಕು. "ಸ್ಟಾಕಿಲ್ಲ, ಹೊರಗೆ ತಗೊಳ್ಳಿ" ಎಂಬ ಚೀಟಿ ಬರೆಯಲು ತಜ್ಞರು ಬೇಕಿಲ್ಲ.

ರೋಗಿಯ ಪಾಲಿನ ಕೆಲಸವೂ ಇದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿ ದೂರ. ದಿನಾ ಬೆಳಗ್ಗೆ ತೂಕ. ಮೂರು ದಿನದಲ್ಲಿ ಎರಡು ಕೆ.ಜಿ. ಏರಿತೆಂದರೆ ಅದು ಮೈ ಬಂದದ್ದಲ್ಲ, ನೀರು ತುಂಬಿದ್ದು, ಅಂದೇ ವೈದ್ಯರ ಹತ್ತಿರ ಓಡಬೇಕು.

ಕಟ್ಟಿನಕೆರೆಯ ಆ ಯಜಮಾನರು ಈಗ ಅಂಗಡಿ ಬಾಗಿಲು ತೆಗೆದ ಕೂಡಲೇ ಅಕ್ಕಿ ಮೂಟೆ ತೂಗುವ ಯಂತ್ರದ ಮೇಲೆ ತಾವೇ ನಿಲ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ, ಸಾಲದವರ ಹೆಸರಿನ ಪಕ್ಕ, ತೂಕ ಬರೀತಾರೆ. ಮೊನ್ನೆ ಹೋದಾಗ 61 ಇತ್ತು.