ಕಾಯುವುದೂ ಒಂದು ತೀರ್ಮಾನವೇ

ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಐರ್ಲೆಂಡಿನ ಗಾಲ್ವೇ ನಗರದ ಆಸ್ಪತ್ರೆಗೆ ಹೋದಾಗ ಆಕೆ 17 ವಾರದ ಗರ್ಭಿಣಿ. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರೇ ಹೇಳಿದರು. ಗರ್ಭದ ನೀರೂ ಒಡೆದುಹೋಯಿತು. ಹೇಗೂ ಉಳಿಯದ ಮಗು, ತೆಗೆದುಬಿಡಿ ಎಂದು ಆಕೆ ಕೇಳಿಕೊಂಡರು. ಭ್ರೂಣದ ಎದೆ ಇನ್ನೂ ಬಡಿಯುತ್ತಿದೆ, ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ನಂಜು ಮೈಗೇರಿತು. 28ರಂದು ಸವಿತಾ ತೀರಿಕೊಂಡರು. ವಯಸ್ಸು 31.

ಸೋಂಕನ್ನು ಗುರುತಿಸುವುದರಲ್ಲೂ ಲೋಪವಾಗಿತ್ತೆಂದು ವಿಚಾರಣೆಗಳು ಹೇಳಿದವು, ನಿಜ. ಆದರೆ ತಾಯಿಗೂ ಹುಟ್ಟದ ಜೀವಕ್ಕೂ ಬದುಕುವ ಹಕ್ಕು ಸಮಾನ ಎಂದು ಐರ್ಲೆಂಡ್ 1983ರಲ್ಲೇ ತಿದ್ದುಪಡಿ ತಂದು ಸಂವಿಧಾನದಲ್ಲಿ ಬರೆದುಕೊಂಡಿತ್ತು. ಹಾಗೆ ಬರೆದ ಮೇಲೆ, ತಾಯಿ ಸಾವಿಗೆ ಎಷ್ಟು ಹತ್ತಿರವಾಗಿದ್ದಾಳೆ ಎಂದು ಅಳೆಯುತ್ತ ಕೂರುವುದೇ ವೈದ್ಯರ ಕೆಲಸವಾಗುತ್ತದೆ. 2018ರಲ್ಲಿ ಮತ ಹಾಕಿದವರಲ್ಲಿ ಶೇ 66ರಷ್ಟು ಜನ ಆ ತಿದ್ದುಪಡಿಯನ್ನು ಕಿತ್ತುಹಾಕಿದರು.

ಭ್ರೂಣವೂ ಜೀವವೇ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗರ್ಭ ಇಳಿದುಹೋದಾಗ ತಿಂಗಳುಗಟ್ಟಲೆ ಅಳುವ ಹೆಣ್ಣುಮಕ್ಕಳಿಗೆ ಅದು ಬರೀ ಮಾಂಸದ ಮುದ್ದೆಯಲ್ಲ. ಆದರೆ ಬೆಲೆ ಇದೆ ಎನ್ನುವುದು ಬೇರೆ, ಹೊತ್ತವಳಷ್ಟೇ ಬೆಲೆ ಎನ್ನುವುದು ಬೇರೆ. ಭ್ರೂಣವನ್ನು ಪೂರ್ಣ ಮನುಷ್ಯನೆಂದೇ ಒಪ್ಪಿದರೂ, ಅದಕ್ಕಾಗಿ ಒಬ್ಬಳ ದೇಹವನ್ನು ಅವಳ ಒಪ್ಪಿಗೆಯಿಲ್ಲದೆ ಬಳಸಬಹುದೇ ಎಂದು ಅಮೆರಿಕದ ತತ್ತ್ವಶಾಸ್ತ್ರಜ್ಞೆ ಜೂಡಿತ್ ಜಾರ್ವಿಸ್ ಥಾಮ್ಸನ್ 1971ರಲ್ಲಿ ಕೇಳಿದರು. ಮೊದಲ ತಿಂಗಳುಗಳ ಮಟ್ಟಿಗೆ ನನ್ನ ಉತ್ತರ: ಬಳಸಕೂಡದು. ಬಸುರಿಯ ಮಾತೇ ಕೊನೆಯ ಮಾತು.

ಹಾಗಾದರೆ ಹೆಣ್ಣೆಂದು ತಿಳಿದು ತೆಗೆಸುವುದೂ ಸರಿಯೇ? 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಅಂಥಲ್ಲಿಗೆ ಬರುವ ಎಷ್ಟೋ ಹೆಂಗಸರ ಬಾಯಲ್ಲಿ ಗಂಡನ, ಅತ್ತೆಯ ಮಾತೇ ಇರುತ್ತದೆ. ಅದನ್ನು ಹೆಣ್ಣಿನ ಆಯ್ಕೆ ಎನ್ನಲು ನನಗೆ ಮನಸ್ಸು ಬಾರದು.

ನನಗೆ ನಿಜಕ್ಕೂ ಕಷ್ಟವಾಗುವುದು ಕೊನೆಯ ವಾರಗಳ ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಗರ್ಭಪಾತಕ್ಕೆ ಅನುಮತಿ ಕೋರಿ ಸುಪ್ರೀಂ ಕೋರ್ಟಿನ ಮುಂದಿದ್ದರು. ಎರಡನೇ ಬಾಣಂತನದಿಂದ ಮಾನಸಿಕ ಕಾಯಿಲೆಗೆ ಔಷಧಿ ನಡೆದಿತ್ತು. ಮೊಲೆಯೂಡಿಸುತ್ತಿದ್ದ ದಿನಗಳು, ಮುಟ್ಟು ಮರಳಿರಲಿಲ್ಲ; ಹಾಗಾಗಿ ಬಸಿರು ತಿಳಿದದ್ದೇ ತಡವಾಗಿ. 26 ವಾರ ದಾಟಿದೆ, ಭ್ರೂಣ ಆರೋಗ್ಯವಾಗಿದೆ ಎಂದು ಕೋರ್ಟ್ ಅನುಮತಿ ನಿರಾಕರಿಸಿತು. ಹೆರಿಗೆಯ ಖರ್ಚು ಸರ್ಕಾರದ್ದು, ಬೇಕಿದ್ದರೆ ದತ್ತು ಕೊಡಬಹುದು ಎಂದಿತು. ಹೊರಗೆ ಬಂದರೂ ಬದುಕಬಲ್ಲ ಮಗು ಅದು, ತೀರ್ಪನ್ನು ತಪ್ಪೆನ್ನಲಾರೆ. ಆದರೆ ಹೀಗೆ ಹೆರಲೇಬೇಕೆಂದು ಒಬ್ಬಳಿಗೆ ಹೇಳುವ ಸರ್ಕಾರ ಆಸ್ಪತ್ರೆಯ ಬಿಲ್ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಅವಳ ಮನಸ್ಸಿನ ಚಿಕಿತ್ಸೆಯನ್ನೂ, ಮನೆಯಲ್ಲಿರುವ ಆ ಇಬ್ಬರು ಮಕ್ಕಳ ಪಾಲನೆಯನ್ನೂ ಅದು ಹೊರಬೇಕು.