ಅವತಾರಕ್ಕೆ ಕಾಯುವವರು

ಧರ್ಮದ ಹೆಸರಿನಲ್ಲಿ ನಡೆಯುವ ಹಿಂಸೆಯೆಲ್ಲ ಪರರದು, ನಮ್ಮ ಹೊಸ್ತಿಲಿಗೆ ಅದರ ಸೋಂಕಿಲ್ಲ ಎಂದು ನೆಮ್ಮದಿಯಿಂದಿರುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ಒಂದು ಹೆಸರನ್ನು ನೆನಪಿಸಬೇಕಾಗಿದೆ. ಅದು ಷಟ್‌ಸ್ಥಲ ಚಕ್ರವರ್ತಿ ಚನ್ನಬಸವಣ್ಣನವರದು.

2000ನೆಯ ಇಸವಿಯ ಜೂನ್ 8ರಂದು ವಾಡಿಯ ಚರ್ಚಿನಲ್ಲಿ, ಜುಲೈ 8ರಂದು ಹುಬ್ಬಳ್ಳಿಯ ಚರ್ಚಿನಲ್ಲಿ, ಮರುದಿನ ಬೆಂಗಳೂರಿನ ಜಗಜೀವನರಾಮ್ ನಗರದ ಚರ್ಚಿನಲ್ಲಿ ಬಾಂಬುಗಳು ಸಿಡಿದವು. ಹೆಸರಘಟ್ಟದಿಂದ ಪೇಟೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ನಮ್ಮ ಭಕ್ತರಿಗೆ ಅದೇನು ದೂರದ ಊರಲ್ಲ. ಕೆಲವೇ ಗಂಟೆಗಳಲ್ಲಿ ಮಾಗಡಿ ರಸ್ತೆಯಲ್ಲಿ ಒಂದು ಮಾರುತಿ ವ್ಯಾನು ತಾನು ಹೊತ್ತಿದ್ದ ಸ್ಫೋಟಕದಿಂದಲೇ ಛಿದ್ರವಾಯಿತು. ಒಳಗಿದ್ದವರಲ್ಲಿ ಇಬ್ಬರು ಸತ್ತರು. ಅದುವರೆಗೆ ಯಾರು ಯಾರನ್ನೋ ಶಂಕಿಸುತ್ತಿದ್ದ ಜನರಿಗೆ ದೀನ್‌ದಾರ್ ಅಂಜುಮನ್ ಎಂಬ ಹೆಸರು ಕೇಳಿಬಂದದ್ದು ಆಗ. ಹಿಂದೂಗಳಿಗೂ ಕ್ರೈಸ್ತರಿಗೂ ವೈಷಮ್ಯ ಹುಟ್ಟಿಸುವುದೇ ಈ ಕೃತ್ಯದ ಉದ್ದೇಶವೆಂದು ತನಿಖೆ ಹೇಳಿತು. 2001ರಲ್ಲಿ ಕೇಂದ್ರ ಸರ್ಕಾರ ಸಂಘಟನೆಯನ್ನು ನಿಷೇಧಿಸಿತು. 2008ರಲ್ಲಿ ವಿಶೇಷ ನ್ಯಾಯಾಲಯ 23 ಮಂದಿಯನ್ನು ಅಪರಾಧಿಗಳೆಂದು ತೀರ್ಪಿತ್ತಿತು.

ಈ ಪಂಥವನ್ನು 1924ರಲ್ಲಿ ಸ್ಥಾಪಿಸಿದ ಸಿದ್ದೀಕ್ ಹುಸೇನರು ತಮ್ಮನ್ನು ಕರೆದುಕೊಂಡದ್ದು ಏನೆಂದು ಬಲ್ಲಿರಾ? ‘ಸಿದ್ದೀಕ್ ದೀನ್‌ದಾರ್ ಚನ್ನಬಸವೇಶ್ವರ’ ಎಂದು! ಕಲಬುರಗಿ ಸೀಮೆಯ ಈ ಮನುಷ್ಯರು ನಮ್ಮ ಕಾಲಜ್ಞಾನದ ವಚನಗಳನ್ನೇ ಮುಂದೊಡ್ಡಿ, ಮರಳಿ ಬರುವನೆಂದು ನೀವು ಕಾಯುತ್ತಿದ್ದ ಚನ್ನಬಸವಣ್ಣ ನಾನೇ ಎಂದರು. 1952ರಲ್ಲಿ ಅವರು ತೀರಿಕೊಂಡ ಮೇಲೂ ಹೈದರಾಬಾದಿನ ಆಸಿಫ್‌ನಗರದ ಆಶ್ರಮದಲ್ಲಿ ವರ್ಷವರ್ಷವೂ ಸರ್ವಧರ್ಮ ಸಮ್ಮೇಳನ ನಡೆಯುತ್ತಿತ್ತು. ಸಮ್ಮೇಳನದ ಮಾತು ಒಂದು, ಮಾರುತಿ ವ್ಯಾನಿನ ಸರಕು ಇನ್ನೊಂದು. ಹಾಗೆಂದು ಆ ಪಂಥದ ಪ್ರತಿಯೊಂದು ಮನೆಯವರನ್ನೂ ಕೊಲೆಗಡುಕರೆನ್ನುವುದು ಅನ್ಯಾಯ. ಇಡೀ ಮುಸಲ್ಮಾನ ಸಮಾಜವನ್ನು ಕಟಕಟೆಯಲ್ಲಿ ನಿಲ್ಲಿಸುವುದಂತೂ ಮೂಢತನ. ಈ ಪಂಥದ ಬೋಧನೆಯನ್ನು ಇಸ್ಲಾಮಿಗೆ ಹೊರತೆಂದು ಖಂಡಿಸಿದ ಮೌಲ್ವಿಗಳೂ ಉಂಟು.

ನನ್ನ ಆಕ್ಷೇಪಣೆ ಬೇರೆ ಕಡೆಗಿದೆ. ‘ದೇವರು ನನ್ನೊಬ್ಬನೊಡನೆ ಮಾತನಾಡಿದ್ದಾನೆ’ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಿದ ಮೇಲೆ, ಅದೇ ಬಾಯಿ ನಾಳೆ ‘ಕೊಲ್ಲು ಎಂದಿದ್ದಾನೆ’ ಎಂದರೆ ತಡೆಯುವ ಅಧಿಕಾರ ಯಾರಿಗಿದೆ? ಅಮೆರಿಕೆಯ ಮಾರ್ಮನ್ ಪಂಥದ ಚರಿತ್ರೆಯನ್ನು ನೋಡಿ. 1830ರಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಆ ಚರ್ಚು ದೈವವಾಣಿ ಇಂದಿಗೂ ನಿಂತಿಲ್ಲವೆನ್ನುತ್ತದೆ. 1890ರಲ್ಲಿ ಚರ್ಚು ಬಹುಪತ್ನಿತ್ವವನ್ನು ಕೈಬಿಡುವುದಾಗಿ ಸಾರಿದಾಗ ಒಪ್ಪದವರು ಕ್ರಮೇಣ ಸಿಡಿದು ಹೋಗಿ ತಮ್ಮತಮ್ಮ ಪ್ರವಾದಿಗಳನ್ನು ಮಾಡಿಕೊಂಡರು. 1984ರ ಜುಲೈ 24ರಂದು ಯೂಟಾದಲ್ಲಿ, ಚರ್ಚಿನಿಂದ ಬಹಿಷ್ಕೃತರಾಗಿದ್ದ ಲಾಫರ್ಟಿ ಎಂಬ ಅಣ್ಣತಮ್ಮಂದಿರಿಬ್ಬರು ತಮ್ಮ ಕಿರಿಯ ಸೋದರನ ಹೆಂಡತಿಯನ್ನೂ ಹಸುಗೂಸನ್ನೂ ಕತ್ತು ಕೊಯ್ದು ಕೊಂದರು. ದೇವರು ಬರೆಸಿದ ಆಜ್ಞೆಯೆಂದು ಅವರ ಬಳಿ ಒಂದು ಕಾಗದವಿತ್ತು. ಕೇವಲ ಒಂದು ಕಾಗದ!

ಇನ್ನು, ನಾವು ವಚನಧರ್ಮದವರು, ನಮ್ಮಲ್ಲಿ ಅರಿವೇ ಗುರು ಎಂದು ಎದೆ ತಟ್ಟಿಕೊಳ್ಳುವವರಿಗೆ ಒಂದು ಪ್ರಶ್ನೆ. ‘ಮಾರ್ಗ’ ಗ್ರಂಥದಲ್ಲಿ ಇದೇ ಚನ್ನಬಸವಣ್ಣನವರ ಜನ್ಮವೃತ್ತಾಂತವನ್ನು ಕುರಿತು ಸಂಶೋಧಕನ ದೃಷ್ಟಿಯಿಂದ ಬರೆದುದಕ್ಕೆ ಡಾ. ಎಂ. ಎಂ. ಕಲಬುರ್ಗಿಯವರನ್ನು 1989ರಲ್ಲಿ ಬೆದರಿಸಿದವರು ಯಾವ ಧರ್ಮದವರು? ಕುಟುಂಬದ ಪ್ರಾಣ ಉಳಿಸಿಕೊಳ್ಳಲು ಅವರು ಬರೆದುದನ್ನು ಹಿಂತೆಗೆದುಕೊಂಡರು. ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದು ನೊಂದು ನುಡಿದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರಿಗೆ ಗುಂಡಿಕ್ಕಲಾಯಿತು. ಆ ಕೊಲೆಗೂ ಹಳೆಯ ವಿವಾದಕ್ಕೂ ನಾನು ಗಂಟು ಹಾಕುತ್ತಿಲ್ಲ. ಅದು ನ್ಯಾಯಾಲಯದ ಕೆಲಸ. ಆದರೆ 1989ರ ಬೆದರಿಕೆ ನಮ್ಮೊಳಗಿನದೇ. ಚನ್ನಬಸವಣ್ಣನವರ ಹೆಸರನ್ನು ಒಬ್ಬ ಹೊತ್ತು ತಿರುಗಿದಾಗ ಕಾಲಜ್ಞಾನ ಬಿಡಿಸಿ ಲಕ್ಷಣ ಹುಡುಕಿದವರಿದ್ದರು. ಅದೇ ಹೆಸರನ್ನು ಇನ್ನೊಬ್ಬ ವಿದ್ವಾಂಸ ಶಾಸನ ಹಸ್ತಪ್ರತಿಗಳ ನಡುವೆ ಹುಡುಕಿದಾಗ ದೊಣ್ಣೆ ಹಿಡಿದು ನಿಂತೆವು.

ಜಾತ್ರೆಯಲ್ಲಿ ಕಾಲಜ್ಞಾನದ ಪುಸ್ತಿಕೆ ಕೈಗೆ ಬಂದಾಗ, ಇದು ಯಾವ ಓಲೆಗರಿಯಲ್ಲಿದೆ, ಯಾರು ಪರಿಷ್ಕರಿಸಿದರು ಎಂದು ಮಾರುವವನನ್ನು ಕೇಳಿ. ಉತ್ತರ ಬಾರದಿದ್ದರೆ ಪುಸ್ತಿಕೆಯನ್ನು ಅಲ್ಲೇ ಇಟ್ಟು ಬನ್ನಿ. ನಮ್ಮ ಮಠದ ಅಂಗಡಿಯಾದರೂ ಸರಿಯೇ.